1980ಕ್ಕಿಂತ ಹಿಂದಿನ ದೆವ್ವಗಳಿಗೆ ಪ್ರವೇಶವಿಲ್ಲವೇ?

ಗೆ,
ನಮ್ಮ ಸಿನಿಮಾ ಬಳಗದ ಅಧ್ಯಕ್ಷರು ಮತ್ತು ಅಕ್ಟೋಬರ್ ಕಾರ್ಯಕ್ರಮ ಸಮಿತಿಯವರು,
ನ್ಯೂಜೆರ್ಸಿ

ಮಾನ್ಯರೇ,

ನಮಸ್ಕಾರ. ಈ ಪತ್ರವನ್ನು ನಿಮಗಷ್ಟೇ ಕಳಿಸಬಹುದಿತ್ತು. ಆದರೆ ನಿಮ್ಮ ನಿರ್ಧಾರ ಎಲ್ಲರ ಮುಂದೆ ಪ್ರಕಟವಾಗಿದೆ, ಅದಕ್ಕೆ ಕಾರಣವಾದ ಜಗಳವೂ ಎಲ್ಲರ ಮುಂದೆಯೇ ನಡೆದಿದೆ. ಹಾಗಾಗಿ ನನ್ನ ತಕರಾರನ್ನೂ ಎಲ್ಲರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಎತ್ತುವುದಿಲ್ಲ. ಎಲ್ಲರೂ ಬೇಕಾದವರೇ.

ಈ ವರ್ಷದ ಹ್ಯಾಲೋವೀನ್ ಪ್ರದರ್ಶನಗಳಲ್ಲಿ 1980ಕ್ಕಿಂತ ಹಿಂದಿನ ಯಾವ ಚಿತ್ರವೂ ಇರುವುದಿಲ್ಲ ಎಂದು ನೀವು ತಿಳಿಸಿದ್ದೀರಿ. ಹಳೆಯ ಹಾರರ್ ಹಾಕಿದರೆ ಹುಡುಗರು ನಗುತ್ತಾರೆ, ಹುಡುಗರು ನಕ್ಕರೆ ಹಿರಿಯರಿಗೆ ಸಿಟ್ಟು ಬರುತ್ತೆ, ಆಮೇಲೆ ದೀಪಾವಳಿವರೆಗೂ ಅದೇ ಮಾತು ಎಂಬುದು ನೀವು ಕೊಟ್ಟ ಕಾರಣ. ಜಗಳ ಆಗಿದ್ದು ನಿಜ. ಅದನ್ನು ತಪ್ಪಿಸಬೇಕು ಎನ್ನುವ ನಿಮ್ಮ ಕಷ್ಟವೂ ಅರ್ಥವಾಗುತ್ತೆ. ಆದರೆ ಜಗಳ ಯಾಕಾಯಿತು ಅನ್ನುವುದನ್ನು ನೀವು ವಿಚಾರಿಸಿದ ಹಾಗೆ ಕಾಣಲಿಲ್ಲ. ಚಿತ್ರದ ವಯಸ್ಸನ್ನು ನೋಡಿ ತೀರ್ಪು ಕೊಟ್ಟುಬಿಟ್ಟಿದ್ದೀರಿ.

ಹೋದ ವರ್ಷ ನಾನು ಕಂಡದ್ದನ್ನು ಇಲ್ಲಿ ದಾಖಲಿಸುತ್ತೇನೆ. ತಪ್ಪಿದ್ದರೆ ತಿದ್ದಿ.

ಅವತ್ತು ಹಾಕಿದ್ದು 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’. ಎಫ್. ಡಬ್ಲ್ಯೂ. ಮುರ್ನಾವ್ ನಿರ್ದೇಶನ. ಯಾರೋ ಇಂಟರ್ನೆಟ್‌ನಿಂದ ಪುಕ್ಕಟೆ ಇಳಿಸಿಕೊಂಡ ಪ್ರತಿ. ಹಾಲ್‌ನ ಹಿಂದಿನ ಸಾಲಿನ ದೀಪಗಳು ಆರಿರಲಿಲ್ಲ, ಯಾಕೆಂದರೆ ಅಲ್ಲಿ ಸಮೋಸಾ ಹಂಚುತ್ತಿದ್ದರು. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ನಗು ಶುರುವಾಯಿತು. ಜನ ಪಟಪಟ ನಡೆಯುತ್ತಿದ್ದರು, ಪಟಪಟ ಬಾಗಿಲು ತೆಗೆಯುತ್ತಿದ್ದರು. ರಕ್ತಪಿಶಾಚಿ ಕೌಂಟ್ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ತಾನೇ ಕಂಕುಳಲ್ಲಿ ಇಟ್ಟುಕೊಂಡು ಊರಿನ ಬೀದಿಯಲ್ಲಿ ಹೊರಟಾಗ ಅಲ್ಲಿ ಒಳ್ಳೆ ಮಧ್ಯಾಹ್ನದ ಬೆಳಕಿತ್ತು. ಕೊನೆಗೆ ಅದೇ ಓರ್ಲಾಕ್ ಬೆಳಗಿನ ಬಿಸಿಲು ಬಿದ್ದು ಸಾಯುತ್ತಾನೆ. ಮುಂದಿನ ಸಾಲಿನ ಹುಡುಗನೊಬ್ಬ ತಿರುಗಿ, “ಅಂಕಲ್, ಇಷ್ಟು ಹೊತ್ತು ಬಿಸಿಲಲ್ಲೇ ಓಡಾಡ್ತಿದ್ನಲ್ಲ, ಈಗ ಏನಾಯ್ತು?” ಎಂದು ಕೇಳಿದ. ಹಾಲ್ ಪೂರ್ತಿ ನಕ್ಕಿತು. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಸಿಕ್ಕಿದ ಉತ್ತರ ಮಾತ್ರ, “ನಿಮ್ಮ ಜನರೇಷನ್‌ಗೆ ತಾಳ್ಮೆ ಇಲ್ಲ ಕಣಪ್ಪ.”

ನಿಜವಾದ ಉತ್ತರ ಬೇರೆ ಇದೆ. ಆ ಕಾಲದಲ್ಲಿ ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ಶೂಟ್ ಮಾಡುತ್ತಿದ್ದರು. ಆಮೇಲೆ ಪ್ರಿಂಟಿಗೆ ನೀಲಿ ಬಣ್ಣ ಹಾಕುತ್ತಿದ್ದರು. ನೀಲಿ ಅಂದರೆ ರಾತ್ರಿ ಎಂದು ನೋಡುವವರಿಗೆ ಗೊತ್ತಿತ್ತು. ನಾವು ಹಾಕಿದ ಪ್ರತಿಯಲ್ಲಿ ಆ ಬಣ್ಣವೇ ಇರಲಿಲ್ಲ, ಬರೀ ಕಪ್ಪು ಬಿಳುಪು. ಹಾಗಾಗಿ ಸಿನಿಮಾದ ಅಷ್ಟೂ ರಾತ್ರಿಗಳು ನಮಗೆ ಹಗಲಾಗಿ ಕಂಡವು. ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುತ್ತದೆ ಎಂಬ ಕಲ್ಪನೆಯನ್ನು ಜನಪ್ರಿಯ ಮಾಡಿದ್ದೇ ಈ ಚಿತ್ರ. ಈ ಚಿತ್ರಕ್ಕೆ ಮೂಲವಾದ ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿಯಲ್ಲಿ ಆ ರಕ್ತಪಿಶಾಚಿ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕಮ್ಮಿಯಾಗಿರುತ್ತೆ ಅಷ್ಟೇ. ಅಂದರೆ ಇಡೀ ಚಿತ್ರದ ಭಯ ನಿಂತಿರುವುದೇ ಹಗಲು ರಾತ್ರಿಯ ವ್ಯತ್ಯಾಸದ ಮೇಲೆ. ನಾವು ಅದನ್ನೇ ಅಳಿಸಿ ತೋರಿಸಿದೆವು.

ಇನ್ನು ಪಟಪಟ ನಡಿಗೆ. ಮೂಕಿ ಕಾಲದ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16ರಿಂದ 20 ಫ್ರೇಮ್. ಅದನ್ನು ಇವತ್ತಿನ 24 ಫ್ರೇಮ್ ವೇಗದಲ್ಲಿ ಓಡಿಸಿದರೆ ಯಾರೇ ಆದರೂ ಕೋಡಂಗಿಯ ಹಾಗೆ ಕಾಣುತ್ತಾರೆ. ಮುರ್ನಾವ್ ಒಂದು ಕಡೆ, ಓರ್ಲಾಕ್‌ನ ಕುದುರೆ ಗಾಡಿ ಕಾಡಿನಲ್ಲಿ ಬರುವಾಗ, ಬೇಕೆಂದೇ ದೃಶ್ಯವನ್ನು ವೇಗ ಮಾಡಿದ್ದಾರೆ. ಆ ಗಾಡಿ ಈ ಲೋಕದ್ದಲ್ಲ ಎಂದು ತೋರಿಸಬೇಕಿತ್ತು. ಎಲ್ಲರೂ ಅದೇ ವೇಗದಲ್ಲಿ ಓಡುತ್ತಿದ್ದರೆ ಆ ಗಾಡಿಗೆ ಏನು ಬೆಲೆ? ಸರಿಯಾದ ಪ್ರತಿಯಲ್ಲೂ ಆ ದೃಶ್ಯಕ್ಕೆ ಸ್ವಲ್ಪ ನಗು ಬರುತ್ತೆ, ಅದನ್ನು ಒಪ್ಪುತ್ತೇನೆ. ಆದರೆ ಆ ಒಂದು ನಗು ಚಿತ್ರದ್ದು. ಮಿಕ್ಕ ನಗುವೆಲ್ಲ ನಮ್ಮ ಪ್ರೊಜೆಕ್ಟರ್‌ನದ್ದು.

ಈ ಚಿತ್ರಕ್ಕೆ ಇದೇ ಮೊದಲ ಅನ್ಯಾಯವೇನಲ್ಲ ಬಿಡಿ. ಅನುಮತಿ ಇಲ್ಲದೆ ‘ಡ್ರಾಕುಲಾ’ ಕಥೆ ಬಳಸಿಕೊಂಡರು ಎಂದು ಸ್ಟೋಕರ್‌ನ ಪತ್ನಿ ಫ್ಲಾರೆನ್ಸ್ ಕೇಸು ಹಾಕಿದರು. ಎಲ್ಲ ಪ್ರತಿಗಳನ್ನೂ ನಾಶ ಮಾಡಿ ಎಂದು 1925ರಲ್ಲಿ ಜರ್ಮನ್ ಕೋರ್ಟು ಆದೇಶ ಕೊಟ್ಟಿತು. ಅಲ್ಲಿ ಇಲ್ಲಿ ಉಳಿದ ಪ್ರತಿಗಳಿಂದ ಚಿತ್ರ ಬದುಕಿತು. ಅವುಗಳಲ್ಲಿ ಬಣ್ಣ ಉಳಿದಿದ್ದ ಒಂದು ಫ್ರೆಂಚ್ ಪ್ರಿಂಟನ್ನು ಆಧಾರವಾಗಿ ಇಟ್ಟುಕೊಂಡು ಜರ್ಮನಿಯ ಮುರ್ನಾವ್ ಫೌಂಡೇಶನ್‌ನವರು 2005-06ರಲ್ಲಿ ಚೆನ್ನಾಗಿ ದುರಸ್ತಿ ಮಾಡಿದ್ದಾರೆ. ಹಾನ್ಸ್ ಎರ್ಡ್‌ಮನ್ ಅವರ ಮೂಲ ಸಂಗೀತವನ್ನೂ ಅದಕ್ಕೆ ಸೇರಿಸಿದ್ದಾರೆ. ಅದು ಒಂದೂವರೆ ಗಂಟೆಯ ಚಿತ್ರ. ನಮ್ಮ ಪ್ರತಿ ಒಂದು ಗಂಟೆಗೆ ಸ್ವಲ್ಪ ಮೀರಿ ಮುಗಿದುಹೋಯಿತು. ಸಂಗೀತ ಯಾವುದೋ ಚರ್ಚ್ ಆರ್ಗನ್‌ನದ್ದು, ಚಿತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆರಿದ ಕಾಫಿ ಕೊಟ್ಟು, ಕುಡಿದವರು ಮುಖ ಸಿಂಡರಿಸಿದ್ದಕ್ಕೆ ಇನ್ನು ಮೇಲೆ ಕಾಫಿಯೇ ಬೇಡ ಎಂದು ಠರಾವು ಮಾಡಿದ ಹಾಗಾಯಿತು ನಿಮ್ಮ ನಿರ್ಧಾರ.

ಈಗ 1980 ಎಂಬ ಗೆರೆಗೆ ಬರುತ್ತೇನೆ. ಆ ಗೆರೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಆದರೆ ಹ್ಯಾಲೋವೀನ್ ಹಬ್ಬಕ್ಕೆ ನೀವು ಮಾಡಿರುವ ಪಟ್ಟಿಯಿಂದ ‘ಹ್ಯಾಲೋವೀನ್’ ಎಂಬ ಚಿತ್ರವೇ ಹೊರಗೆ ಹೋಗಿದೆ ಎಂಬುದನ್ನು ಸಮಿತಿಯವರು ಗಮನಿಸಿದ್ದೀರಾ? ಜಾನ್ ಕಾರ್ಪೆಂಟರ್ ಅವರ ಆ ಚಿತ್ರ ಬಂದಿದ್ದು 1978ರಲ್ಲಿ. ಅದರ ಕಥೆ ನಡೆಯುವುದು ಇಲಿನಾಯ್‌ನ ಹ್ಯಾಡನ್‌ಫೀಲ್ಡ್ ಎಂಬ ಕಾಲ್ಪನಿಕ ಊರಿನಲ್ಲಿ. ಆ ಹೆಸರು ಮಾತ್ರ ನಮ್ಮ ನ್ಯೂಜೆರ್ಸಿಯದೇ. ಚಿತ್ರದ ಸಹ ಲೇಖಕಿ, ನಿರ್ಮಾಪಕಿ ಡೆಬ್ರಾ ಹಿಲ್ ಇಲ್ಲಿಯ ಹ್ಯಾಡನ್‌ಫೀಲ್ಡ್‌ನವರು. ಕಾರಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಊರಿನ ಹೆಸರಿಟ್ಟ ಚಿತ್ರಕ್ಕೆ ನಮ್ಮ ಹಾಲಿನಲ್ಲೇ ಜಾಗ ಇಲ್ಲ!

ಆ ಚಿತ್ರದಲ್ಲಿ ಇನ್ನೊಂದು ವಿಷಯ ಇದೆ. ಹ್ಯಾಲೋವೀನ್ ರಾತ್ರಿ ಬೇಬಿಸಿಟ್ಟರ್‌ಗಳ ಜೊತೆ ಇರುವ ಮಕ್ಕಳು ಟಿವಿಯಲ್ಲಿ ನೋಡುವುದು 1951ರ ‘ದಿ ಥಿಂಗ್ ಫ್ರಮ್ ಅನದರ್ ವರ್ಲ್ಡ್’. ಆಮೇಲೆ 1956ರ ‘ಫಾರ್ಬಿಡನ್ ಪ್ಲಾನೆಟ್’. ಅಂದರೆ ಹ್ಯಾಲೋವೀನ್ ರಾತ್ರಿ ಹಳೆಯ ಚಿತ್ರ ನೋಡುವುದು ಆ ಚಿತ್ರದ ಒಳಗೇ ಇದೆ. ನಾಯಕಿ ಜೇಮಿ ಲೀ ಕರ್ಟಿಸ್ 1960ರ ‘ಸೈಕೋ’ದಲ್ಲಿ ನಟಿಸಿದ ಜಾನೆಟ್ ಲೀ ಅವರ ಮಗಳು. ಡಾಕ್ಟರ್ ಪಾತ್ರದ ಲೂಮಿಸ್ ಎಂಬ ಹೆಸರು ‘ಸೈಕೋ’ದಿಂದಲೇ ಎತ್ತಿಕೊಂಡದ್ದು. ಹಳೆಯದನ್ನು ಕಿತ್ತು ಹಾಕಿದರೆ ಇದರಲ್ಲಿ ಅರ್ಧ ಉಳಿಯುವುದಿಲ್ಲ.

ಈ ಪದ್ಧತಿ ಸಿನಿಮಾದಲ್ಲಿ ಹುಟ್ಟಿದ್ದೇನಲ್ಲ. 1957ರಲ್ಲಿ ಯೂನಿವರ್ಸಲ್ ಸ್ಟುಡಿಯೋದ 52 ಹಳೆಯ ಚಿತ್ರಗಳನ್ನು ಒಟ್ಟು ಮಾಡಿ ‘ಶಾಕ್ ಥಿಯೇಟರ್’ ಎಂಬ ಹೆಸರಿನಲ್ಲಿ ಅಮೆರಿಕದ ಟಿವಿ ಸ್ಟೇಷನ್‌ಗಳಿಗೆ ಮಾರಿದರು. ಎಷ್ಟೋ ಊರುಗಳ ಸ್ಟೇಷನ್‌ಗಳು ದೆವ್ವದ ವೇಷ ಹಾಕಿದ ನಿರೂಪಕರನ್ನು ಇಟ್ಟವು. ನಮ್ಮ ಪಕ್ಕದ ಫಿಲಡೆಲ್ಫಿಯಾದಲ್ಲಿ, ಆಮೇಲೆ ನ್ಯೂಯಾರ್ಕಿನಲ್ಲಿ, ಜಾನ್ ಜ್ಯಾಕರ್ಲಿ ಈ ಕೆಲಸದಿಂದಲೇ ಹೆಸರಾದರು. ಆಗ 1931ರ ‘ಡ್ರಾಕುಲಾ’ ಚಿತ್ರಕ್ಕೆ 26 ವರ್ಷ ವಯಸ್ಸು. 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಇವತ್ತು ಸುಮಾರು ಅಷ್ಟೇ ಹಳೆಯದು. ನಿಮ್ಮ ಪಟ್ಟಿಯಲ್ಲಿ ಅದು ಹೊಸ ಚಿತ್ರಗಳ ಸಾಲಿನಲ್ಲಿ ಕೂತಿದೆ. 1957ರ ಮಕ್ಕಳು ತಮ್ಮ ಅಪ್ಪಂದಿರ ಕಾಲದ ಚಿತ್ರ ನೋಡಿ ಹೆದರಿದರು, ನಕ್ಕರು, ಅಭಿಮಾನಿಗಳಾದರು. ಇವತ್ತಿನ ಮಕ್ಕಳ ಕೈಲಿ ಅದು ಆಗುವುದಿಲ್ಲ ಎಂದು ನಾವೇ ಯಾಕೆ ತೀರ್ಮಾನಿಸಬೇಕು?

ಇಷ್ಟು ಹೇಳಿದ ಮೇಲೆ ಹಿರಿಯರ ಪಂಗಡಕ್ಕೆ ಖುಷಿಯಾಗಿರಬಹುದು. ಸ್ವಲ್ಪ ತಡೆಯಿರಿ. ಈ ಜಗಳದಲ್ಲಿ ನಿಮ್ಮ ಪಾಲೂ ಇದೆ.

“ಆ ಕಾಲಕ್ಕೆ ಅದು ದೊಡ್ಡದು.” ಈ ಮಾತನ್ನು ಅವತ್ತು ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ಸಮರ್ಥನೆ ಅಂತ ಹೇಳುತ್ತೀರಿ, ಆದರೆ ಕೇಳಿದವರಿಗೆ ಈಗ ಅದು ಏನೂ ಅಲ್ಲ ಎಂದೇ ಕೇಳಿಸುತ್ತೆ. ಒಂದು ಹಾರರ್ ಚಿತ್ರ ಗೌರವ ಕೇಳುವುದಿಲ್ಲ, ಹೆದರಿಸಲು ಬಿಡಿ ಅನ್ನುತ್ತೆ. ನೀವು ಶುರುವಿಗೆ ಮುಂಚೆ ಮೈಕ್ ಹಿಡಿದು ಅದು ಯಾಕೆ ಶ್ರೇಷ್ಠ, ಯಾರ್‍ಯಾರು ಅದನ್ನು ನಕಲು ಮಾಡಿದರು, ಕೊನೆಗೆ ಯಾರು ಸಾಯುತ್ತಾರೆ ಎಲ್ಲ ಹೇಳಿ ಮುಗಿಸುತ್ತೀರಿ. ಆಮೇಲೆ ಯಾರಿಗೆ ಭಯ ಆಗಬೇಕು ಹೇಳಿ? ನಿರ್ದೇಶಕ ಹಿಚ್‌ಕಾಕ್ 1960ರಲ್ಲಿ ತಮ್ಮ ‘ಸೈಕೋ’ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಥಿಯೇಟರ್‌ಗಳಿಗೆ ತಾಕೀತು ಮಾಡಿದ್ದರು. ಗುಟ್ಟು ಹೊರಗೆ ಬಿಡಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಂಡಿದ್ದರು. ನಮ್ಮಲ್ಲಿ ಗುಟ್ಟು ಮೈಕಿನಲ್ಲೇ ಬರುತ್ತೆ.

ಹಳೆಯದೆಲ್ಲ ಒಳ್ಳೆಯದು ಎಂಬ ಮಾತನ್ನೂ ದಯವಿಟ್ಟು ಬಿಡೋಣ. 1931ರ ‘ಡ್ರಾಕುಲಾ’ವನ್ನೇ ತೆಗೆದುಕೊಳ್ಳಿ. ಮೊದಲ ಭಾಗ, ಕೋಟೆ, ಮೆಟ್ಟಿಲು, ಡ್ರಾಕುಲಾ ಪಾತ್ರದ ಬೇಲಾ ಲುಗೋಸಿಯ ಮಾತಿನ ಧಾಟಿ, ಇವು ಮರೆಯುವಂಥವಲ್ಲ. ಲಂಡನ್‌ಗೆ ಬಂದ ಮೇಲೆ ಅದು ನಾಟಕದ ರಂಗದ ಮೇಲೆ ನಿಂತುಬಿಡುತ್ತೆ. ಜನ ಕೋಣೆಯಲ್ಲಿ ನಿಂತು ಮಾತಾಡುತ್ತಾರೆ, ಮುಖ್ಯವಾದದ್ದೆಲ್ಲ ತೆರೆಯ ಆಚೆ ನಡೆಯುತ್ತೆ. ಟ್ರಾನ್ಸಿಲ್ವೇನಿಯಾದ ಕೋಟೆಯಲ್ಲಿ ಆರ್ಮಡಿಲ್ಲೋಗಳು ಓಡಾಡುತ್ತವೆ. ಅದು ಅಮೆರಿಕ ಖಂಡದ ಪ್ರಾಣಿ. ಅಲ್ಲಿ ಹುಡುಗರು ನಕ್ಕರೆ ನಾನೂ ಜೊತೆಗೆ ನಗುತ್ತೇನೆ. ಅದೇ ಸೆಟ್‌ಗಳಲ್ಲಿ ರಾತ್ರಿ ಹೊತ್ತು ಬೇರೆ ತಂಡ ಬಂದು ಸ್ಪ್ಯಾನಿಷ್ ಭಾಷೆಯ ‘ಡ್ರಾಕುಲಾ’ ತೆಗೆಯುತ್ತಿತ್ತು. ಅದು ಸುಮಾರು ಅರ್ಧ ಗಂಟೆ ಜಾಸ್ತಿ ಉದ್ದ. ಕ್ಯಾಮೆರಾ ಕೆಲಸ ಅದರಲ್ಲೇ ಚೆನ್ನಾಗಿದೆ, ಆದರೆ ಅದರಲ್ಲಿ ಲುಗೋಸಿ ಇಲ್ಲ. ಯಾವುದು ಮೇಲು? ಅಭಿಮಾನಿಗಳು ಕೂತು ವಾದ ಮಾಡಬೇಕಾದದ್ದು ಇಂಥದ್ದರ ಬಗ್ಗೆ. ಹಳೆಯದೋ ಹೊಸದೋ ಎಂಬ ವಾದಕ್ಕೆ ತುದಿ ಮೊದಲಿಲ್ಲ.

‘ಸೈಕೋ’ ಕೂಡ ಹಾಗೇ. ಸ್ನಾನದ ಕೋಣೆಯ ದೃಶ್ಯದ ಬಗ್ಗೆ ಹೊಸದಾಗಿ ಹೇಳಲು ಏನೂ ಉಳಿದಿಲ್ಲ. ಆದರೆ ಕೊನೆಯಲ್ಲಿ ಮನೋವೈದ್ಯನೊಬ್ಬ ಬಂದು ಎಲ್ಲವನ್ನೂ ಪಾಠದ ಹಾಗೆ ವಿವರಿಸುವ ದೃಶ್ಯ ಇದೆಯಲ್ಲ, ಅದು ನನಗೆ ಯಾವತ್ತೂ ಬೋರು. ಹೀಗೆ ಹೇಳಿದರೆ ಹಿಚ್‌ಕಾಕ್‌ಗೆ ಅವಮಾನವಾಗುವುದಿಲ್ಲ. ಹೇಳದೆ ಮುಚ್ಚಿಟ್ಟರೆ ಹುಡುಗರು ನಮ್ಮ ಯಾವ ಮಾತನ್ನೂ ನಂಬುವುದಿಲ್ಲ, ಅಲ್ವಾ?

ಈಗ ಕಿರಿಯರಿಗೆ ಎರಡು ಮಾತು. ಸ್ಲೋ, ಗ್ರಾಫಿಕ್ಸ್ ಚೆನ್ನಾಗಿಲ್ಲ, ಭಯ ಆಗಲ್ಲ ಎಂದಿರಿ. ಮೊದಲನೆಯದನ್ನು ಒಪ್ಪಬಹುದು. ಎರಡನೆಯದು ಕೆಲವಕ್ಕೆ ನಿಜ. ಮೂರನೆಯದರ ಬಗ್ಗೆ ಒಂದು ಚಿತ್ರ ಹೇಳುತ್ತೇನೆ.

1942ರ ‘ಕ್ಯಾಟ್ ಪೀಪಲ್’. ನಿರ್ಮಾಪಕ ವ್ಯಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟರ್ನರ್. ಆರ್‌ಕೆಒ ಸ್ಟುಡಿಯೋ ಲ್ಯೂಟನ್‌ಗೆ ಮೊದಲು ಹೆಸರು ಕೊಡುತ್ತಿತ್ತು, ಆಮೇಲೆ ಅವರು ಆ ಹೆಸರಿಗೆ ಕಥೆ ಹೊಂದಿಸಬೇಕಿತ್ತು. ಕೈಯಲ್ಲಿ ದುಡ್ಡಿಲ್ಲ, ಹಾಗಾಗಿ ಕಥೆಯ ಕರಿಚಿರತೆಯನ್ನು ಆದಷ್ಟು ತೋರಿಸದೆಯೇ ಚಿತ್ರ ಮಾಡಿದರು. ಅದರಲ್ಲಿ ಒಬ್ಬಳು ರಾತ್ರಿ ಪಾರ್ಕಿನ ಗೋಡೆಯ ಪಕ್ಕ ಒಬ್ಬಳೇ ನಡೆಯುತ್ತಾಳೆ. ಹಿಂದೆ ಇನ್ನೊಬ್ಬಳು ಬರುತ್ತಿದ್ದಾಳೆ. ಸಂಗೀತ ಇಲ್ಲ. ಇಬ್ಬರ ಚಪ್ಪಲಿ ಹೀಲ್‌ಗಳ ಸದ್ದು ಮಾತ್ರ. ದೀಪದ ಕೆಳಗೆ ಬೆಳಕು, ಆಮೇಲೆ ಕತ್ತಲು, ಮತ್ತೆ ಬೆಳಕು. ಒಂದು ಹಂತದಲ್ಲಿ ಹಿಂದಿನ ಹೆಜ್ಜೆಯ ಸದ್ದು ನಿಂತುಹೋಗುತ್ತೆ. ಮುಂದಿನವಳು ತಿರುಗಿ ನೋಡಿದರೆ ಯಾರೂ ಇಲ್ಲ. ಓಡಲು ಶುರು ಮಾಡುತ್ತಾಳೆ. ಏನೋ ಬುಸ್ ಎಂದು ಮೇಲೆ ಬಿದ್ದ ಹಾಗಾಗುತ್ತೆ. ಬಸ್ಸು! ನಿಂತ ಬಸ್ಸಿನ ಬ್ರೇಕಿನ ಸದ್ದು.

ನೀವು ಇವತ್ತು ನೋಡುವ ಪ್ರತಿಯೊಂದು ಹಾರರ್ ಚಿತ್ರದಲ್ಲೂ ಬೆಕ್ಕೋ, ಗೆಳೆಯನೋ ದಿಢೀರ್ ಮುಂದೆ ಬಂದು ಬೆಚ್ಚಿಬೀಳಿಸುವ ಆಟ ಇದೆಯಲ್ಲ, ಸಿನಿಮಾದವರು ಅದನ್ನು ‘ಲ್ಯೂಟನ್ ಬಸ್’ ಎಂದು ಕರೆಯುವುದು ಇದರಿಂದಲೇ. ಹೊಸ ಚಿತ್ರಗಳಲ್ಲಿ ಆ ಕ್ಷಣಕ್ಕೆ ಸ್ಪೀಕರ್ ಹರಿಯುವಷ್ಟು ಸದ್ದು ಮಾಡುತ್ತಾರೆ. ಇಲ್ಲಿ ನಿಜವಾದ ಕೆಲಸ ಆಗಿರುವುದು ಸದ್ದು ನಿಂತ ಜಾಗದಲ್ಲಿ. ಹೀಲ್ ಸದ್ದು ನಿಂತಿದ್ದು ಕೇಳಿಸಬೇಕಾದರೆ ಮೊದಲು ಹೀಲ್ ಸದ್ದು ಕೇಳಿಸಬೇಕು. ಚಿಪ್ಸ್ ಪ್ಯಾಕೆಟ್ ಕರಕರ ಅನ್ನುತ್ತಿದ್ದರೆ, ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಹಾಕಿದರೆ, ಕೈಯಲ್ಲಿ ಫೋನ್ ಇದ್ದರೆ ಈ ಚಿತ್ರ ಸತ್ತ ಹಾಗೆ. ಇಡೀ ಚಿತ್ರ ಒಂದೂಕಾಲು ಗಂಟೆಯೂ ಇಲ್ಲ. ಅಷ್ಟು ಹೊತ್ತು ಫೋನ್ ಜೇಬಿನಲ್ಲಿಟ್ಟು ನೋಡಿ. ಆಮೇಲೂ ಭಯ ಆಗಲಿಲ್ಲ ಅಂದರೆ ನಿಮ್ಮ ಮಾತಿಗೆ ನಾನು ಎದುರಾಡುವುದಿಲ್ಲ.

ಇನ್ನೊಂದು ಚಿತ್ರದ ಬಗ್ಗೆ ನನಗೆ ಜಾಸ್ತಿ ಹೊಟ್ಟೆ ಉರಿ ಇದೆ. ಜಾರ್ಜ್ ರೊಮೆರೊ ಅವರ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ನಮ್ಮಲ್ಲಿ ಬಹಳಷ್ಟು ಜನ ಇದನ್ನು ನೋಡಿದ್ದೇನೆ ಎನ್ನುತ್ತಾರೆ. ಏನನ್ನು ನೋಡಿದ್ದಾರೆ ಎಂಬುದು ಪ್ರಶ್ನೆ. ಪಿಟ್ಸ್‌ಬರ್ಗ್‌ನ ಹುಡುಗರು ಸೇರಿ ಪೆನ್ಸಿಲ್ವೇನಿಯಾದ ಇವಾನ್ಸ್ ಸಿಟಿ ಹತ್ತಿರದ ತೋಟದ ಮನೆಯೊಂದರಲ್ಲಿ ತೆಗೆದ ಚಿತ್ರ ಇದು. ಸುಮಾರು 1,14,000 ಡಾಲರ್ ಖರ್ಚು. ಮೊದಲು ಬೇರೆ ಹೆಸರಿತ್ತು. ವಿತರಕರು ಹೆಸರು ಬದಲಿಸುವಾಗ ಟೈಟಲ್ ಕಾರ್ಡ್ ಜೊತೆಗೆ ಕಾಪಿರೈಟ್ ಸಾಲೂ ಹೋಯಿತು. ಆಗಿನ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ಚಿತ್ರ ಸಾರ್ವಜನಿಕರ ಪಾಲಾಯಿತು. ಕಂಡ ಕಂಡವರೆಲ್ಲ ಪ್ರತಿಯ ಪ್ರತಿಯ ಪ್ರತಿ ಮಾಡಿ ಕ್ಯಾಸೆಟ್ಟು, ಡಿವಿಡಿ ಮಾರಿದರು. ಮಾಡಿದವರಿಗೆ ದುಡ್ಡು ಬರಲಿಲ್ಲ, ನೋಡಿದವರಿಗೆ ಚಿತ್ರ ಸರಿಯಾಗಿ ಕಾಣಲಿಲ್ಲ.

ಇದರಿಂದ ಆದ ನಷ್ಟ ಬರೀ ಅಂದಚೆಂದದ್ದಲ್ಲ. ಈ ಚಿತ್ರದ ಮುಖ್ಯ ಪಾತ್ರದಲ್ಲಿ ಇರುವುದು ಡುವೇನ್ ಜೋನ್ಸ್ ಎಂಬ ಕಪ್ಪು ನಟ. ಕಥೆಯಲ್ಲಿ ಅವನ ಬಣ್ಣದ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಇಡೀ ರಾತ್ರಿ ಮತ್ತೆ ಎದ್ದು ಬಂದ ಸತ್ತವರ ವಿರುದ್ಧ ಹೋರಾಡಿ ಉಳಿದವನಿಗೆ ಬೆಳಗ್ಗೆ ಏನಾಗುತ್ತೆ ಎಂಬುದನ್ನು ನೋಡದವರಿಗಾಗಿ ಬಿಟ್ಟಿರುತ್ತೇನೆ. ಮುಗಿದ ಚಿತ್ರದ ಪ್ರಿಂಟನ್ನು ಕಾರಿನಲ್ಲಿ ನ್ಯೂಯಾರ್ಕಿಗೆ ತರುವಾಗ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದೆವು ಎಂದು ರೊಮೆರೊ ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಚಿತ್ರದ ಕಡೆಯಲ್ಲಿ ಚಲನೆ ನಿಂತು, ಪತ್ರಿಕೆಯಲ್ಲಿ ಅಚ್ಚಾದ ಹಾಗೆ ಒರಟು ಚುಕ್ಕೆಗಳ ಫೋಟೋಗಳು ಒಂದಾದ ಮೇಲೊಂದು ಬರುತ್ತವೆ. ಅಲ್ಲಿಯವರೆಗಿನ ಕಥೆ ಆ ಕ್ಷಣದಲ್ಲಿ ಸುದ್ದಿಯಾಗಿಬಿಡುತ್ತೆ. ಆದರೆ ಕೆಟ್ಟ ಪ್ರತಿಯಲ್ಲಿ ಮೊದಲ ದೃಶ್ಯದಿಂದಲೇ ಎಲ್ಲವೂ ಒರಟು ಚುಕ್ಕೆಯೇ! ಕೊನೆಯ ಫೋಟೋಗಳು ಬಂದಿದ್ದೇ ಗೊತ್ತಾಗುವುದಿಲ್ಲ. 2016ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್‌ನವರು ಮೂಲ ನೆಗೆಟಿವ್‌ನಿಂದ 4ಕೆ ದುರಸ್ತಿ ಮಾಡಿದ ಮೇಲೆ ಅದು ಮತ್ತೆ ಕಾಣುತ್ತಿದೆ.

ಈ ಚಿತ್ರ ಬಂದ ಹೊಸದರಲ್ಲಿ ಮಕ್ಕಳೇ ತುಂಬಿದ್ದ ಮಧ್ಯಾಹ್ನದ ಆಟವೊಂದಕ್ಕೆ ವಿಮರ್ಶಕ ರೋಜರ್ ಈಬರ್ಟ್ ಹೋಗಿದ್ದರು. ಮೊದಮೊದಲು ಕೇಕೆ ಹಾಕುತ್ತಿದ್ದ ಮಕ್ಕಳು ಆಮೇಲೆ ತೆಪ್ಪಗಾದದ್ದನ್ನು, ಕೆಲವರು ಕೂತಲ್ಲೇ ಅತ್ತದ್ದನ್ನು ಬರೆದಿದ್ದಾರೆ. ಹಾಗಾಗಿ ಇದನ್ನು ಸಣ್ಣ ಮಕ್ಕಳಿರುವ ಹೊತ್ತಿಗೆ ಹಾಕಿ ಎಂದು ನಾನು ಕೇಳುವುದಿಲ್ಲ. ರಾತ್ರಿಯ ಆಟಕ್ಕೆ ಇಡಿ.

ಈಗಿನ ನಗುವೇ ಅಳತೆಗೋಲು ಎನ್ನುವವರಿಗೆ ಒಂದು ಉದಾಹರಣೆ ಸಾಕು. ನಿಮ್ಮ ಪಟ್ಟಿಯಲ್ಲಿ ಕಾರ್ಪೆಂಟರ್ ಅವರ 1982ರ ‘ದಿ ಥಿಂಗ್’ ಇದೆ. ಒಳ್ಳೆಯ ಆಯ್ಕೆ. ಮೇಲೆ ಹೇಳಿದ 1951ರ ಚಿತ್ರಕ್ಕೂ ಇದಕ್ಕೂ ಮೂಲ ಕಥೆ ಒಂದೇ. ‘ಇ.ಟಿ.’ ಎಂಬ ಭಾರೀ ಯಶಸ್ಸಿನ ಚಿತ್ರ ಬಂದ ಎರಡೇ ವಾರಕ್ಕೆ ಬಿಡುಗಡೆಯಾಗಿ ಅದು ಮಲಗಿತು. ವಿಮರ್ಶಕರು ಅಸಹ್ಯ ಎಂದು ಬೈದರು. ಆವತ್ತು ನಿಮ್ಮಂಥ ಸಮಿತಿ ಇದ್ದಿದ್ದರೆ ಅದೂ ಹೊರಗೆ ಬೀಳುತ್ತಿತ್ತು. ಇವತ್ತು ನಮ್ಮ ಬಳಗದ ಹುಡುಗರು ಅದರ ಟೀ ಶರ್ಟ್ ಹಾಕಿಕೊಂಡು ಬರುತ್ತಾರೆ.

ಕನ್ನಡ ಬಳಗವಾಗಿ ಇನ್ನೊಂದನ್ನು ಕೇಳಲೇಬೇಕು. ನಿಮ್ಮ ಗೆರೆಯಿಂದ ‘ನಾ ನಿನ್ನ ಬಿಡಲಾರೆ’ಯೂ ಹೊರಗೆ ಹೋಗಿದೆ. ಅನಂತ್‌ನಾಗ್, ಲಕ್ಷ್ಮಿ ನಟಿಸಿದ, ವಿಜಯ್ ನಿರ್ದೇಶನದ ಆ ಚಿತ್ರ 1979ರದ್ದು. ಒಂದೇ ಒಂದು ವರ್ಷದ ಅಂತರದಲ್ಲಿ ತಪ್ಪಿಹೋಯಿತು ಪಾಪ. ನಮ್ಮಲ್ಲಿ ಐವತ್ತು ದಾಟಿದವರಿಗೆ ದೆವ್ವದ ಸಿನಿಮಾ ಅಂದರೆ ಮೊದಲು ನೆನಪಾಗುವುದೇ ಅದು. ಆದರೆ ವಿಚಿತ್ರ ನೋಡಿ, ಹಳೆಯ ಹಾಲಿವುಡ್ ಚಿತ್ರಕ್ಕಾಗಿ ಗಂಟಲು ಹರಿದುಕೊಂಡ ಹಿರಿಯರಲ್ಲಿ ಒಬ್ಬರೂ ಇದರ ಹೆಸರು ಎತ್ತಲಿಲ್ಲ. ಅದನ್ನು ಹಾಕೋಣ. ಜೊತೆಗೆ ಉಪೇಂದ್ರ ನಿರ್ದೇಶನದ 1993ರ ‘ಶ್!’ ಹಾಕೋಣ. ಹದಿನಾಲ್ಕು ವರ್ಷದಲ್ಲಿ ಕನ್ನಡದ ದೆವ್ವ ಎಲ್ಲಿಂದ ಎಲ್ಲಿಗೆ ಬಂತು ಎಂದು ಮಾತಾಡಲು ಅದಕ್ಕಿಂತ ಒಳ್ಳೆ ಜೋಡಿ ಸಿಗಲಿಕ್ಕಿಲ್ಲ. ತೊಂದರೆ ಏನೆಂದರೆ, ನಮ್ಮ ಚಿತ್ರಗಳ ಒಳ್ಳೆಯ ಪ್ರತಿ ಹುಡುಕುವುದೇ ಕಷ್ಟ. ನೂರು ವರ್ಷ ಹಳೆಯ ಜರ್ಮನ್ ಚಿತ್ರ ಕೊಂಡುಕೊಳ್ಳಲು ಸಿಗುತ್ತೆ. ಬೆಂಗಳೂರಿನಲ್ಲಿ ಯಾರ ಬಳಿಯಾದರೂ ಇವುಗಳ ಒಳ್ಳೆ ಪ್ರತಿ ಇರುವುದು ಗೊತ್ತಿದ್ದರೆ ದಯವಿಟ್ಟು ಸಮಿತಿಗೆ ತಿಳಿಸಿ.

ಸಮಿತಿಯವರಲ್ಲಿ ನನ್ನ ಕೋರಿಕೆ ಇಷ್ಟು. 1980ರ ಗೆರೆಯನ್ನು ಅಳಿಸಿಬಿಡಿ. ಬದಲಿಗೆ ಪ್ರತಿ ಸಂಜೆ ಒಂದು ಹಳೆಯದು, ಒಂದು ಹೊಸದು ಇಡಿ, ಹಳೆಯದು ಮೊದಲು. ಪುಕ್ಕಟೆ ಪ್ರತಿ ಬೇಡ. ದುರಸ್ತಿಯಾದ ಡಿಸ್ಕ್ ತರಿಸಿ, ಅಥವಾ ಪ್ರದರ್ಶನದ ಹಕ್ಕಿಗೆ ದುಡ್ಡು ಕೊಟ್ಟು ಒಳ್ಳೆಯ ಪ್ರತಿ ತರಿಸಿ. ಅದಕ್ಕೆ ಬೇಕಾದರೆ ಟಿಕೆಟ್ ಸ್ವಲ್ಪ ಜಾಸ್ತಿ ಮಾಡಿ. ‘ಹ್ಯಾಲೋವೀನ್’ ಹಾಕುವುದಾದರೆ ಪರದೆಯ ಪೂರ್ತಿ ಅಗಲದ ಪ್ರತಿಯೇ ಆಗಬೇಕು. ಹಳೆಯ ಟಿವಿ ಪ್ರತಿಗಳಲ್ಲಿ ಎರಡೂ ಬದಿ ಕತ್ತರಿಸಿದ್ದಾರೆ. ಅದರ ಕೊಲೆಗಾರ ಮೈಕಲ್ ಮೈಯರ್ಸ್ ಎಷ್ಟೋ ಸಲ ನಿಲ್ಲುವುದು ಆ ಅಂಚಿನಲ್ಲೇ. ಹಾಲ್‌ನ ಪರದೆಗೆ ಬದಲು ದೊಡ್ಡ ಟಿವಿ ಬಳಸುವುದಾದರೆ ಮೋಷನ್ ಸ್ಮೂದಿಂಗ್ ಎಂಬ ಸೆಟ್ಟಿಂಗ್ ಆಫ್ ಮಾಡಿ. ಅದು ಆನ್ ಇದ್ದರೆ ಎಂಥ ಚಿತ್ರವೂ ಸಂಜೆ ಧಾರಾವಾಹಿಯ ಹಾಗೆ ಕಾಣುತ್ತೆ.

ಸಮೋಸಾ ಮಧ್ಯಂತರದಲ್ಲಿ. ದೀಪ ಎಲ್ಲವೂ ಆರಬೇಕು. ಮೈಕ್ ಚಿತ್ರ ಮುಗಿದ ಮೇಲೆ ಮಾತ್ರ, ಅದೂ ಮೊದಲು ಅವತ್ತೇ ಮೊದಲ ಸಲ ಆ ಚಿತ್ರ ನೋಡಿದವರ ಕೈಗೆ. ಇಷ್ಟವಾಗಲಿಲ್ಲ ಎಂದರೆ ಯಾಕೆ ಎಂದು ಕೇಳೋಣ, ವಯಸ್ಸು ಕೇಳುವುದು ಬೇಡ. ನಗಬೇಡಿ ಎಂಬ ಬೋರ್ಡು ಮಾತ್ರ ಹಾಕಬೇಡಿ. ಹೋದ ವರ್ಷದ ಗಲಾಟೆ ಆದ ಮೇಲೆ ಯಾರೋ ಹಾಗೆ ಸಲಹೆ ಕೊಟ್ಟರು ಎಂದು ಕೇಳಿದೆ. ಭಯವಾದಾಗಲೂ ಜನ ನಗುತ್ತಾರೆ ಸ್ವಾಮಿ.

‘ಕ್ಯಾಟ್ ಪೀಪಲ್’, ‘ನೊಸ್ಫೆರಾಟು’ ಎರಡರ ಒಳ್ಳೆಯ ಡಿಸ್ಕ್ ನನ್ನ ಹತ್ತಿರ ಇವೆ. ಪ್ರದರ್ಶನದ ಅನುಮತಿಯ ಕಾಗದಪತ್ರದ ಕೆಲಸವನ್ನೂ ನಾನೇ ನೋಡಿಕೊಳ್ಳುತ್ತೇನೆ. ಹೋದ ವರ್ಷ ಆ ಪ್ರಶ್ನೆ ಕೇಳಿದ ಹುಡುಗನ ಅಮ್ಮನ ಜೊತೆ ಮಾತಾಡಿದ್ದೇನೆ. ಪ್ರೊಜೆಕ್ಟರ್ ನೋಡಿಕೊಳ್ಳಲು ಅವನು ಒಪ್ಪಿದ್ದಾನೆ, ನಮ್ಮೆಲ್ಲರಿಗಿಂತ ಅವನಿಗೇ ಅದು ಚೆನ್ನಾಗಿ ಗೊತ್ತು. ಹಾಲ್‌ಗೆ ಅಡ್ವಾನ್ಸ್ ಕೊಟ್ಟು ಪಟ್ಟಿ ಅಚ್ಚಿಗೆ ಕಳಿಸುವ ಮುಂಚೆ ಒಂದು ಸಭೆ ಕರೆಯಿರಿ. ಅದಕ್ಕೆ ಕಿರಿಯರನ್ನೂ ಕರೆಯಿರಿ.

ವಂದನೆಗಳೊಂದಿಗೆ,
ಬಳಗದ ಒಬ್ಬ ಸದಸ್ಯೆ